ಹೊಳೆಗೊಂದು ಬಂದರು, ಬಂದರಿಗೊಂದು ಕೋಟೆ

(ಕಲಬುರಗಿಯಲ್ಲಿ ಸೈಕಲ್ ಹವ್ಯಾಸದ ಗೆಳೆಯರ ಮುಂದೆ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ತಿದ್ದಿ ಬರೆದದ್ದು.)

ಮೊದಲು ರೊಟ್ಟಿಯ ಕಥೆ ಹೇಳಿಬಿಡುತ್ತೇನೆ. ಹೋದ ಡಿಸೆಂಬರಿನಲ್ಲಿ ಕಾರವಾರದಿಂದ ಮಂಗಳೂರಿಗೆ ಸೈಕಲ್ ಹೊಡೆಯಲು ಹೊರಟಾಗ ನಾನು ಮತ್ತು ನನ್ನ ಅಕ್ಕನ ಮಗ ಮನೆಯಿಂದ 40 ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆವು. ಜೊತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ. ನಮ್ಮ ಕಡೆ ಈ ರೊಟ್ಟಿ ವಾರಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ, ಮುರಿದರೆ ಟಕ್ ಅನ್ನುತ್ತದೆ. ಅಲ್ಲಿ ಎರಡನೇ ದಿನ ಬೆಳಗ್ಗೆ ಗಂಟು ಬಿಚ್ಚಿದರೆ ರೊಟ್ಟಿ ಬಗ್ಗುತ್ತಿತ್ತು! ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಬಹುದಿತ್ತು. ಹುಡುಗ ನೋಡಿ, "ಮಾಮಾ, ರೊಟ್ಟಿಗೂ ಬೆವರು ಬಂದದ" ಅಂದ.

ನೀವು ನಗ್ತೀರಿ. ಆದರೆ ಕರಾವಳಿಯ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾದ ಮೊದಲ ಮಾತೇ ಇದು. ನಾವು 43 ಡಿಗ್ರಿ ಕಂಡವರು. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟಿಗೆ ಹೋಗಿ ಬರುವವರು. ಅಲ್ಲಿ 32 ಡಿಗ್ರಿ ಅಂದರೆ ಏನು ಮಹಾ ಅಂದುಕೊಂಡಿದ್ದೆ. ಆದರೆ ಇಲ್ಲಿ ಬೆವರು ಬಂದ ತಕ್ಷಣ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತಾ ಹೋಗುತ್ತದೆ, ಮೈ ಮಾತ್ರ ಕಾಯುತ್ತಾ ಇರುತ್ತದೆ. ಮೊದಲ ದಿನ 11 ಗಂಟೆಗೆ ನನಗೆ ಕಣ್ಣು ಕತ್ತಲೆ ಬಂತು. ಆಮೇಲಿಂದ ಬೆಳಗ್ಗೆ ಐದೂವರೆಗೆ ಹೊರಡೋದು, ಹತ್ತೂವರೆಗೆ ನೆರಳು ಹುಡುಕೋದು, ಮತ್ತೆ ಮೂರೂವರೆಗೆ ಸೀಟು ಹತ್ತೋದು ಅಂತ ಮಾಡಿಕೊಂಡೆವು. ನೀರಿಗೆ ಉಪ್ಪು, ಲಿಂಬೆ, ಸಕ್ಕರೆ. ದಿನಕ್ಕೆ ಎರಡು ಎಳನೀರು ತಪ್ಪದೇ.

ಇಷ್ಟು ಕಷ್ಟಪಟ್ಟು ಯಾಕೆ ಹೋದೆ ಅಂತ ಕೇಳಬಹುದು. ಒಬ್ಬ ಹುಡುಗನಿಂದ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನು. ಒಂದು ದಿನ ಬಹಮನಿ ಪಾಠ ನಡೆದಿತ್ತು. 1347ರಲ್ಲಿ ರಾಜ್ಯ ಕಟ್ಟಿದರು, ನಮ್ಮ ಕಲಬುರಗಿಯೇ ರಾಜಧಾನಿ, ಆಮೇಲೆ ಬೀದರಿಗೆ ಹೋಯಿತು, ಅವರ ಸೈನ್ಯಕ್ಕೆ ಅರಬ್ ಕುದುರೆ ಬರುತ್ತಿದ್ದವು ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು, "ಸರ, ಹೆಂಗ್ ಬರ್ತಿದ್ವುರಿ?" ಅಂದ. ಹಡಗಿನಲ್ಲಿ ಅಂದೆ. "ಹಡಗ ಕಲಬುರಗಿಗಿ ಬರ್ತಿತ್ತೇನ್ರಿ?" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕು ಮುಂದಿನ ಪುಟಕ್ಕೆ ಹೋದೆ. ಆದರೆ ರಾತ್ರಿ ಮಲಗಿದಾಗ ಅನ್ನಿಸಿತು, ಅಲ್ಲ, ಪ್ರಶ್ನೆ ಸರಿಯಾಗಿದೆ ಅಲ್ವಾ? ಯಾವ ಬಂದರಿನಲ್ಲಿ ಇಳಿಯುತ್ತಿದ್ದವು, ಘಟ್ಟ ಹೇಗೆ ಹತ್ತುತ್ತಿದ್ದವು, ಎಷ್ಟು ದಿನ ನಡೆಯುತ್ತಿದ್ದವು, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದ್ದೇನೆ, ಸಮುದ್ರವನ್ನು ಸರಿಯಾಗಿ ನೋಡಿದ್ದು ಧರ್ಮಸ್ಥಳ ಪ್ರವಾಸಕ್ಕೆ ಹೋದಾಗ ಒಂದು ಸಲ, ಅದೂ ಬಸ್ಸಿನ ಕಿಟಕಿಯಿಂದ.

ಸೈಕಲ್ ಯಾಕೆ ಅಂದರೆ, ಬಸ್ಸಿನಲ್ಲಿ ಕೂತರೆ ಸೇತುವೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಸೈಕಲ್ ಮೇಲೆ ಪ್ರತಿ ಹೊಳೆಯೂ ಒಂದು ಘಟನೆ. ಇಳಿಜಾರು ಶುರುವಾಗುತ್ತದೆ, ಗಾಳಿ ಬದಲಾಗುತ್ತದೆ, ಕೆಸರಿನ ವಾಸನೆ ಬರುತ್ತದೆ, ಸೇತುವೆಯ ಮೇಲೆ ಅಡ್ಡಗಾಳಿ ಹ್ಯಾಂಡಲ್ ಎಳೆಯುತ್ತದೆ, ದಾಟಿದ ಮೇಲೆ ಮತ್ತೆ ಏರು. ಮೂರು ಹೊಳೆ ದಾಟುವಷ್ಟರಲ್ಲಿ ನನಗೆ ಒಂದು ವಿಷಯ ತಲೆಗೆ ಹೋಯಿತು. ಕರಾವಳಿಯ ಚರಿತ್ರೆ ಸಮುದ್ರದ ದಂಡೆಯ ಮೇಲೆ ಉದ್ದಕ್ಕೆ ಹರಡಿಕೊಂಡಿಲ್ಲ. ಅದು ಹೊಳೆಯ ಬಾಯಿಗಳಲ್ಲಿ ಗಂಟು ಗಂಟಾಗಿ ಕೂತಿದೆ. ಹೊಳೆ ಸಮುದ್ರ ಸೇರುವ ಕಡೆ ಒಂದು ಬಂದರು, ಆ ಬಂದರು ಕಾಯಲು ಒಂದು ಕೋಟೆ, ಹೊಳೆಯ ಮೇಲ್ಗಡೆ ಘಟ್ಟದಿಂದ ಮೆಣಸು ಇಳಿಯುವ ದಾರಿ. ಇದನ್ನು ಹಿಡಿದುಕೊಂಡರೆ ಸಾಕು, ಗೈಡ್ ಬೇಕಾಗಿಲ್ಲ. ಕಾಳಿಗೆ ಸದಾಶಿವಗಡ, ಅಘನಾಶಿನಿಗೆ ಮಿರ್ಜಾನ್, ಶರಾವತಿಗೆ ಹೊನ್ನಾವರ, ವಾರಾಹಿಗೆ ಬಸರೂರು, ಸೀತೆಗೆ ಬಾರಕೂರು, ಗುರುಪುರ ಹೊಳೆಗೆ ಸುಲ್ತಾನ್ ಬತ್ತೇರಿ.

ಸರಿ, ದಾರಿಗೆ ಬರೋಣ. ಇಲ್ಲಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಹೋಗುವ 52ನೇ ನಂಬರಿನ ಹೆದ್ದಾರಿ ಅರಬೈಲ್ ಘಟ್ಟ ಇಳಿದು ಅಂಕೋಲಾದಲ್ಲಿ ಮುಗಿಯುತ್ತದೆ. ಸೈಕಲ್ ಬಸ್ಸಿನ ಮೇಲೆ ಹಾಕುವುದಕ್ಕೆ ಲಗೇಜಿನ ಚೌಕಾಶಿ ಮಾಡಬೇಕಾಯಿತು, ಒಂದು ಕಡೆ ಕಂಡಕ್ಟರ್ ಎರಡು ಸೈಕಲ್ಲಿಗೆ ಮೂರು ಜನರ ದುಡ್ಡು ಕೇಳಿದ. ನನ್ನ ಸಲಹೆ ಇಷ್ಟೇ. ಮುಂದಿನ ಗಾಲಿ ಬಿಚ್ಚಿ, ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಹಳೇ ಜಮಖಾನೆ ಸುತ್ತಿ ಹಗ್ಗ ಕಟ್ಟಿ. ಗಂಟು ಅಂದರೆ ಒಂದು ರೇಟು, ಸೈಕಲ್ ಅಂದರೆ ಇನ್ನೊಂದು ರೇಟು. ನಾವು ಹೋಗುವಾಗ ಹಾಗೇ ನಿಲ್ಲಿಸಿ ಹಗ್ಗ ಬಿಗಿದಿದ್ದೆವು, ಇಳಿಸುವಾಗ ನನ್ನ ಹಿಂದಿನ ಗೇರು ಬಗ್ಗಿತ್ತು. ಇಡೀ ಪ್ರವಾಸದಲ್ಲಿ ಏಳು ಗೇರಿನ ಪೈಕಿ ನಾಲ್ಕೇ ಕೆಲಸ ಮಾಡಿದವು.

ಯಾವ ಕಡೆಯಿಂದ ಯಾವ ಕಡೆಗೆ ಹೊಡೆಯಬೇಕು ಅನ್ನೋದು ದೊಡ್ಡ ಚರ್ಚೆ. ನಮ್ಮಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತೇವೆ. ಮಂಗಳೂರಿನಿಂದ ಕಾರವಾರಕ್ಕೆ ಹೋದರೆ ಸಮುದ್ರ ನಿಮ್ಮ ಎಡಕ್ಕೆ, ಅಂದರೆ ನಿಮ್ಮ ಮಗ್ಗುಲಲ್ಲೇ. ಫೋಟೋ ತೆಗೆಯುವವರಿಗೆ ಅದು ಚೆಂದ. ಕಾರವಾರದಿಂದ ಮಂಗಳೂರಿಗೆ ಬಂದರೆ ಸಮುದ್ರ ನಾಲ್ಕು ಸಾಲು ರಸ್ತೆ ದಾಟಿ ಆಚೆ. ಆದರೆ ಗಾಳಿ ನಿಮ್ಮ ಕಡೆ. ಚಳಿಗಾಲದಲ್ಲಿ ಹಗಲು ನೆಲ ಬೇಗ ಕಾಯುತ್ತದೆ, ಕಾದ ಗಾಳಿ ಮೇಲೆ ಹೋಗುತ್ತದೆ, ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ, ದಕ್ಷಿಣಕ್ಕೆ ಹೋಗುವವನ ಬೆನ್ನು ತಳ್ಳುತ್ತದೆ. ನನಗೆ ಐವತ್ತು ದಾಟಿದೆ. ನಾನು ಗಾಳಿಯನ್ನು ಆರಿಸಿಕೊಂಡೆ, ಫೋಟೋವನ್ನು ಬಿಟ್ಟೆ. ಹುಡುಗನಿಗೆ ಇವತ್ತಿಗೂ ಸಿಟ್ಟಿದೆ.

ಕಾರವಾರದಲ್ಲಿ ಕಾಳಿ ಹೊಳೆ. ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು, ಒಂದು ಲಾರಿ ಹೊಳೆಗೆ ಬಿತ್ತು, ಚಾಲಕ ಬದುಕಿಕೊಂಡ. ನಾವು ಪಕ್ಕದ ಹೊಸ ಸೇತುವೆ ಮೇಲೆ ಆಚೆಗೆ ಹೋಗಿ ಸದಾಶಿವಗಡ ನೋಡಿ ಬಂದೆವು. ಸೋದೆಯ ಅರಸರ ಕೋಟೆ ಅದು, ಹೆದ್ದಾರಿ ಆ ಗುಡ್ಡವನ್ನು ಸೀಳಿಕೊಂಡೇ ಹೋಗುತ್ತದೆ. ಮೇಲೆ ನಿಂತರೆ ಹೊಳೆ, ಸಮುದ್ರ, ಊರು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಯಾರು ಬಂದರೂ ಮೊದಲು ಇಲ್ಲಿಂದ ಕಾಣಬೇಕು. ಕೋಟೆ ಕಟ್ಟಲು ಜಾಗ ಯಾಕೆ ಇದೇ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾರವಾರದ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಪಾಸಾದ ಮೊದಲ ಭಾರತೀಯ, ಅಲ್ಲಿ ಜಡ್ಜ್ ಆಗಿದ್ದರು. 1880ರ ದಶಕದಲ್ಲಿ ತಮ್ಮ ಬಂದು ಉಳಿದ, ಇಪ್ಪತ್ತರ ಹರೆಯ. ಅಣ್ಣನ ಸರ್ಕಾರಿ ಬಂಗಲೆಯಲ್ಲಿ ಕೂತು ಸಮುದ್ರ ನೋಡುವ ಭಾಗ್ಯ. ನಮಗೆ ಸಿಕ್ಕಿದ್ದು ಸೈಕಲ್ ಒಳಗೆ ಬಿಡುವುದಿಲ್ಲ ಅಂದ ಒಂದು ಲಾಡ್ಜು. ಸೈಕಲ್ಲಿಗೆ ಬೀಗ ಹಾಕಿ ಮೆಟ್ಟಿಲ ಕೆಳಗೆ ಇಟ್ಟು, ರಾತ್ರಿ ಎರಡು ಸಲ ಎದ್ದು ನೋಡಿ ಬಂದೆ. ಲಾಡ್ಜು ಹಿಡಿಯುವ ಮುಂಚೆ ಸೈಕಲ್ ಎಲ್ಲಿಡಬೇಕು ಅಂತ ಕೇಳಿ, ಆಮೇಲೆ ರೂಮಿನ ರೇಟು ಕೇಳಿ.

ಅಂಕೋಲಾದವರೆಗೆ ಗುಡ್ಡ ಸಮುದ್ರಕ್ಕೇ ಬಂದು ನಿಲ್ಲುತ್ತದೆ, ಏರು ಇಳುಕಲು ಜಾಸ್ತಿ. ಉತ್ತರ ಕನ್ನಡವನ್ನು ಸಪಾಟು ಅಂದುಕೊಂಡು ಹೋಗಬೇಡಿ. ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ಊರು. ಅಲ್ಲಿ ಕೂತು ನಾನು ಹುಡುಗನಿಗೆ ಒಂದು ಲೆಕ್ಕ ಹೇಳಿದೆ. ಆ ವರ್ಷ ಈ ಊರು ಮುಂಬೈ ಪ್ರಾಂತ್ಯದಲ್ಲಿತ್ತು. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ. ನಮ್ಮ ಕಲಬುರಗಿ ನಿಜಾಮರ ಕೈಯಲ್ಲಿ, 1948ರ ಸೆಪ್ಟೆಂಬರ್ 17ರವರೆಗೆ. ಇಲ್ಲಿ ಉಪ್ಪು ತೆಗೆದು ಜೈಲಿಗೆ ಹೋದವರು, ಅಲ್ಲಿ ನಮ್ಮ ಅಜ್ಜಂದಿರು, ಇಬ್ಬರೂ ಕನ್ನಡದವರೇ, ಆದರೆ ಒಬ್ಬರ ಸರ್ಕಾರ ಇನ್ನೊಬ್ಬರದಲ್ಲ. 1956ರ ನವೆಂಬರ್ 1ಕ್ಕೆ ಎಲ್ಲ ಒಂದು ಕಡೆ ಬಂದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಮಾಮಾ, ಆವಾಗ ಬಂದಿದ್ರ ನಮಗ ಇದು ಬ್ಯಾರೆ ಸರ್ಕಾರದ ಊರು" ಅಂದ. ಹೌದಪ್ಪ, ಬ್ಯಾರೆ ಸರ್ಕಾರದ್ದೇ.

ಅಂಕೋಲಾ ದಾಟಿದ ಮೇಲೆ ಶಿರೂರು. 2024ರ ಜುಲೈ 16ರಂದು ಗುಡ್ಡ ಜರಿದು ರಸ್ತೆಯ ಮೇಲಿದ್ದವರನ್ನು ಗಂಗಾವಳಿಗೆ ತಳ್ಳಿದ ಜಾಗ. ಅಲ್ಲಿ ನಾವು ನಿಲ್ಲಲಿಲ್ಲ, ಮಾತೂ ಆಡಲಿಲ್ಲ. ಮಳೆಗಾಲದಲ್ಲಿ ಕರಾವಳಿ ಹಸಿರು, ಮಜಾ ಅಂತ ವಿಡಿಯೋ ನೋಡಿ ಹೊರಡುವ ಹುಡುಗರು ಇಲ್ಲಿ ಕೂತಿದ್ದರೆ ಕೇಳಿಸಿಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಆ ರಸ್ತೆ ಸೈಕಲ್ಲಿಗಲ್ಲ. ನವೆಂಬರ್‌ನಿಂದ ಫೆಬ್ರವರಿ, ಅಷ್ಟೇ.

ಈಗ ಮಿರ್ಜಾನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಬೀದರಿನವರು ಇಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಅಘನಾಶಿನಿಯ ಹತ್ತಿರ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ಒಂದು ಕೆಂಪು ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಹದಿನಾರನೇ ಶತಮಾನದವಳು. ಅವಳ ರಾಜ್ಯದಿಂದ ಮೆಣಸು ಎಷ್ಟು ಹೋಗುತ್ತಿತ್ತೆಂದರೆ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಗೋಡೆಯ ಮೇಲೆ ಪಾಚಿ, ಒಳಗೆ ಹುಲ್ಲು, ಆಳವಾದ ಬಾವಿಗಳು, ಸುತ್ತ ಕಂದಕ. ಗೋಡೆಗೆ ಕೈ ಇಟ್ಟೆ. ತೂತು ತೂತಾದ ಕೆಂಪು ಕಲ್ಲು. ಅಲ್ಲಿಯವರು ಚಿರೆಕಲ್ಲು ಅನ್ನುತ್ತಾರೆ, ತೆಂಕಣಕ್ಕೆ ಹೋದರೆ ಮುರಕಲ್ಲು. ನಮಗೆ ಶಾಲೆಯಲ್ಲಿ ಜಂಬಿಟ್ಟಿಗೆ ಅಂತ ಹೇಳಿಕೊಟ್ಟಿದ್ದರು. ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿರುತ್ತದೆ, ಹೊರಗೆ ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದನ್ನು ಎಲ್ಲೋ ಮುಟ್ಟಿದ್ದೇನಲ್ಲ ಅನ್ನಿಸಿತು. ಬೀದರ್! ಬೀದರಿನ ಕೋಟೆ ನಿಂತಿರುವುದೂ ಇದೇ ಕೆಂಪು ಕಲ್ಲಿನ ದಿಬ್ಬದ ಮೇಲೆ. ಕಲಬುರಗಿಯ ಜನ ಶಹಾಬಾದ್ ಫರಸಿಯವರು, ನಮ್ಮದು ನುಣುಪು ಕಲ್ಲು. ಬೀದರ್ ಒಂದೇ ನಮ್ಮ ಕಡೆ ಕರಾವಳಿಯ ಕಲ್ಲು ಹೊತ್ತು ಕೂತಿದೆ.

ಬೀದರಿನಲ್ಲಿ ಆ ಕಲ್ಲಿನ ತೂತುಗಳಿಂದ ಮಳೆ ನೀರು ಇಳಿದು, ಕೆಳಗೆ ಗಟ್ಟಿ ಕರಿಕಲ್ಲು ಸಿಕ್ಕಾಗ ನಿಲ್ಲುತ್ತದೆ. ಆ ಎರಡರ ನಡುವಿನ ನೀರು ಹಿಡಿಯಲೆಂದೇ ನೌಬಾದಿನ ಸುರಂಗ ಬಾವಿ, ಕರೇಜ್ ಅಂತೀವಲ್ಲ, ಅದನ್ನು ತೋಡಿದರು. ಇರಾನಿನ ಕಡೆಯ ವಿದ್ಯೆ. ಆ ವಿದ್ಯೆ ಬಂದದ್ದೂ ಇದೇ ಸಮುದ್ರ ದಾಟಿ ಬಂದ ಜನರ ಜೊತೆ. ದಾರಿ ತಪ್ಪಿದೆ ಅನ್ನಬೇಡಿ, ಕುದುರೆಯ ವಿಷಯಕ್ಕೇ ಬರ್ತಿದ್ದೇನೆ.

ಮಿರ್ಜಾನಿನಿಂದ ಹಿಂದಕ್ಕೆ ಬಂದು ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕದಿಂದ ಗೋಕರ್ಣಕ್ಕೆ ಹೋದೆವು. ಬಿಳಿ ಉಪ್ಪಿನ ಗುಡ್ಡೆಗಳು, ಬಿಸಿಲಿಗೆ ಕಣ್ಣು ಬಿಡಲಾಗದು. ಮರುದಿನ ತದಡಿಯಲ್ಲಿ ಸೈಕಲ್ ದೋಣಿಗೆ ಹಾಕಿ ಅಘನಾಶಿನಿ ದಾಟಿದೆವು. ಇದನ್ನು ತಪ್ಪಿಸಬೇಡಿ. ಹೆದ್ದಾರಿಯ ಲಾರಿ ಸದ್ದಿಲ್ಲ, ಸುತ್ತೂ ಉಳಿಯುತ್ತದೆ. ದೋಣಿಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಮ್ಮ "ಯಾವ ಊರು?" ಅಂತ ಕೇಳಿದರು. ಕಲಬುರಗಿ ಅಂದೆ. "ಅದು ಯಾವ ಬದಿ?" ಅಂದರು. ಹೈದರಾಬಾದ್ ಹತ್ತಿರ ಅಂದೆ. "ಅಲ್ಲಿಂದ ಸೈಕಲ್ ಮೇಲೆ? ಬಸ್ಸು ಇಲ್ವಾ ನಿಮ್ಮಲ್ಲಿ?" ಪಾಪ, ಬಹಳ ಮರುಗಿದರು.

ಹೊನ್ನಾವರ. ಶರಾವತಿಯ ಬಾಯಿ. ಈಗ ನೋಡಿದರೆ ಸಾದಾ ತಾಲೂಕು ಊರು. ಹದಿನಾಲ್ಕನೇ ಶತಮಾನದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತಾ ಇಲ್ಲಿ ಬಂದಿದ್ದ. ಅವನು ಬರೆದಿದ್ದಾನೆ, ಈ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇವೆ, ಇಂಥದ್ದು ಬೇರೆ ಕಡೆ ನೋಡಲಿಲ್ಲ ಅಂತ. ಮೇಷ್ಟ್ರಾದ ನನಗೆ ಇದು ಕೋಟೆಗಿಂತ ದೊಡ್ಡ ಸುದ್ದಿ. ಅವನು ಇಲ್ಲಿಗೆ ಬಂದ ಹೊತ್ತಿಗೆ ನಮ್ಮ ಬಹಮನಿ ರಾಜ್ಯ ಇನ್ನೂ ಹುಟ್ಟಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮಳಖೇಡ. ಸೇಡಂ ತಾಲೂಕಿನವರು ಯಾರಿದ್ದೀರಿ? ನಿಮ್ಮ ಊರಿನ ರಾಷ್ಟ್ರಕೂಟ ದೊರೆಯನ್ನು ಅರಬ್ ಬರಹಗಾರರು ಬಲ್ಹರಾ ಅಂತ ಕರೆದರು, ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಅಂತ ಎಣಿಸಿದರು. ಒಂಬತ್ತನೇ, ಹತ್ತನೇ ಶತಮಾನದ ಮಾತು. ಕಾಗಿಣಾ ದಂಡೆಯ ಊರಿನ ಸುದ್ದಿ ಬಗ್ದಾದಿಗೆ ಮುಟ್ಟಿದ್ದು ಹೇಗೆ? ಪಶ್ಚಿಮದ ಬಂದರುಗಳಿಂದ, ವ್ಯಾಪಾರಿಗಳ ಬಾಯಿಂದ. ನಾವು ಸಮುದ್ರದಿಂದ ದೂರ ಅನ್ನೋದು ನಕಾಶೆ ನೋಡಿ ಹೇಳುವ ಮಾತು. ಆಗಿನವರಿಗೆ ದೂರ ಅನ್ನಿಸಿರಲಿಲ್ಲ.

ಭಟ್ಕಳದಲ್ಲಿ ನನ್ನ ಹಿಂದಿನ ಟಯರ್ ಸೀಳಿತು. ಪಂಕ್ಚರ್ ಅಲ್ಲ, ಸೈಡೇ ಸೀಳಿತು, ಒಳಗಿಂದ ಟ್ಯೂಬು ನಾಲಿಗೆ ಚಾಚಿತ್ತು. ಸಣ್ಣ ಸೈಕಲ್ ಅಂಗಡಿ ಸಿಕ್ಕಿತು. ಅಂಗಡಿಯ ಚಾಚಾ ತಮ್ಮವರ ಜೊತೆ ನವಾಯತಿಯಲ್ಲಿ ಮಾತಾಡುತ್ತಿದ್ದರು. ಕೊಂಕಣಿಯ ಹಾಗೆ ಕೇಳಿಸುತ್ತದೆ, ನಡುವೆ ಅರಬ್ಬಿ, ಫಾರ್ಸಿ ಶಬ್ದ. ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ನಮ್ಮ ಕಲಬುರಗಿ ಉರ್ದುವಿನಲ್ಲಿ "ಚಾಚಾ, ನವಾ ಟಯರ್ ಮಿಲ್ತಾ ಕ್ಯಾ?" ಅಂದೆ. ಮುಖ ಅರಳಿತು ನೋಡಿ ಅವರದು! ಬಂದೇನವಾಜ್ ದರ್ಗಾದ ಊರಿನವರಾ ಅಂದರು. ಉರುಸಿಗೆ ಬಂದಿದ್ದರಂತೆ ಒಮ್ಮೆ. ನನ್ನ ಅಳತೆಯ ಟಯರ್ ಇರಲಿಲ್ಲ. ಹಳೇ ಟಯರಿನ ತುಂಡು ಕತ್ತರಿಸಿ ಒಳಗೆ ಕೊಟ್ಟು, ಮೇಲೆ ದಪ್ಪ ದಾರದಿಂದ ಹೊಲಿದು, ಗಾಳಿ ಸ್ವಲ್ಪ ಕಡಿಮೆ ಹೊಡೆದು, "ಮಂಗಳೂರು ತನಕ ಹೋಗುತ್ತೆ" ಅಂದರು. ಹೋಯಿತು. ಚಹಾ ಕೊಟ್ಟರು, ಕೂಲಿ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಆ ಟಯರ್ ಹೊಲಿಯುವ ಎರಡು ತಾಸು ನಾನು ಸುಮ್ಮನೆ ಕೂತು ತಂದ ಟಿಪ್ಪಣಿ ಓದಿದೆ. ಆಗ ನನಗೆ ಗೊತ್ತಾಗಿದ್ದು ಏನೆಂದರೆ, ನಾನು ಬಂದಿರುವುದೇ ತಪ್ಪು ದಂಡೆಗೆ!

ಕೇಳಿ. ಭಟ್ಕಳ, ಹೊನ್ನಾವರ ಕುದುರೆಗಳ ಬಂದರು ಹೌದು. ಆದರೆ ಇಲ್ಲಿ ಇಳಿದ ಕುದುರೆ ಘಟ್ಟ ಹತ್ತಿ ಹೋಗುತ್ತಿದ್ದದ್ದು ವಿಜಯನಗರಕ್ಕೆ. ಅಂದರೆ ನಮ್ಮವರ ಎದುರಾಳಿಗೆ. ನಮ್ಮ ಬಹಮನಿಯವರ ಬಂದರು ಇನ್ನೂ ಉತ್ತರಕ್ಕಿದ್ದವು, ದಾಭೋಳ ಮತ್ತು ಚೌಲ್, ಈಗಿನ ಮಹಾರಾಷ್ಟ್ರದಲ್ಲಿ. ಮಹಮೂದ್ ಗವಾನ್ 1453ರಲ್ಲಿ ಇರಾನಿನ ಗಿಲಾನ್ ಕಡೆಯಿಂದ ವ್ಯಾಪಾರಿಯಾಗಿ ಬಂದು ಇಳಿದದ್ದು ದಾಭೋಳದಲ್ಲಿ. ಅವನೇ ಮುಂದೆ ವಜೀರನಾಗಿ 1472ರಲ್ಲಿ ಗೋವಾ ಗೆದ್ದ. ಬೀದರಿನ ಮದರಸಾ ಕಟ್ಟಿಸಿದ್ದೂ ಅದೇ ವರ್ಷ. ಪಾಠದಲ್ಲಿ ಈ ಎರಡನ್ನೂ ನಾನು ಬೇರೆ ಬೇರೆ ಸಾಲಿನಲ್ಲಿ ಹೇಳುತ್ತಿದ್ದೆ. ಗೋವಾ ಯಾಕೆ ಅವನಿಗೆ ಅಷ್ಟು ಬೇಕಾಗಿತ್ತು ಅನ್ನೋದು ಭಟ್ಕಳದ ಸೈಕಲ್ ಅಂಗಡಿಯ ಕಟ್ಟೆ ಮೇಲೆ ಕೂತಾಗ ತಿಳಿಯಿತು. ಕುದುರೆ ಇಳಿಯುವ ಬಂದರು ಯಾರ ಕೈಲಿದೆಯೋ ಅವರ ಸೈನ್ಯ ಗಟ್ಟಿ. ಗೋವಾ ಹಿಡಿದರೆ ತನ್ನದು ಬರುತ್ತದೆ, ವಿಜಯನಗರದ್ದು ನಿಲ್ಲುತ್ತದೆ. ಆಮೇಲೆ ಬಹಮನಿ ಒಡೆದಾಗ ಗೋವಾ ಬಿಜಾಪುರದ ಆದಿಲ್‌ಶಾಹಿಗೆ ಹೋಯಿತು, 1510ರಲ್ಲಿ ಪೋರ್ಚುಗೀಸರು ಕಿತ್ತುಕೊಂಡರು. ಅವರಿಗೆ ದಾರಿ ತೋರಿಸಿದವನು ಹೊನ್ನಾವರ ಕಡೆಯ ತಿಮ್ಮೋಜಿ. ಹಿಂದಿನ ದಿನ ನಾವು ಅದೇ ಹೊನ್ನಾವರದಲ್ಲಿ ಬನ್ಸ್ ತಿಂದು ಬಂದಿದ್ದೆವು.

ಇನ್ನೊಬ್ಬನ ಹೆಸರು ಹೇಳಲೇಬೇಕು. ಅಫನಾಸಿ ನಿಕಿತಿನ್, ರಷ್ಯಾದ ವ್ಯಾಪಾರಿ. ಅದೇ ಗವಾನನ ಕಾಲದಲ್ಲಿ ಒಂದೇ ಒಂದು ಕುದುರೆ ತೆಗೆದುಕೊಂಡು ಸಮುದ್ರ ದಾಟಿ ಚೌಲ್‌ನಲ್ಲಿ ಇಳಿದ, ಮಾರಿ ಲಾಭ ಮಾಡೋಣ ಅಂತ. ಜುನ್ನಾರಿನಲ್ಲಿ ಮಳೆಗಾಲ ಕಳೆದ. ಅಲ್ಲಿಯ ಖಾನ ಕುದುರೆ ಕಿತ್ತುಕೊಂಡು, ಧರ್ಮ ಬದಲಾಯಿಸಿದರೆ ಕೊಡ್ತೀನಿ ಅಂದ. ಖುರಾಸಾನಿನ ಒಬ್ಬ ಪರಿಚಯದವನು ನಡುವೆ ಬಂದು ಮಾತಾಡಿ ಕುದುರೆ ಬಿಡಿಸಿಕೊಟ್ಟ. ಆಮೇಲೆ ಬೀದರಿಗೆ ಬಂದು ಅದನ್ನು ಮಾರಿದ. ಒಂದು ಜಾತ್ರೆಯ ಬಗ್ಗೆ ಬರೆದಿದ್ದಾನೆ, ಅಲ್ಲಿ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ. ಆ ಊರನ್ನು ನಮ್ಮ ಆಳಂದ ಅಂತ ಗುರುತಿಸುತ್ತಾರೆ. ಆಳಂದ! ನಾನು ಬಿ.ಎಡ್. ಮುಗಿಸಿ ಮೊದಲ ನೌಕರಿ ಮಾಡಿದ ಊರು. ಆ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ವರ್ಷ ಬಸ್ಸು ಕಾಯ್ದಿದ್ದೇನೆ, ಒಂದು ಕುದುರೆಯ ಯೋಚನೆ ಬಂದಿರಲಿಲ್ಲ.

ಭಟ್ಕಳದಿಂದ ಮುಂದೆ ಬೇಗ ಬೇಗ ಹೇಳುತ್ತೇನೆ, ಸಮಯ ನೋಡ್ತಿದ್ದಾರೆ ಸಂಘದವರು.

ಭಟ್ಕಳ ದಾಟಿದರೆ ಇನ್ನೊಂದು ಶಿರೂರು, ಇದು ಉಡುಪಿ ಜಿಲ್ಲೆಯದು, ಅಂಕೋಲಾದ್ದಲ್ಲ. ಹಿಂದೆ ಮುಂಬೈ ಪ್ರಾಂತ್ಯ ಮುಗಿದು ಮದ್ರಾಸ್ ಪ್ರಾಂತ್ಯ ಶುರುವಾಗುತ್ತಿದ್ದದ್ದು ಈ ಆಸುಪಾಸಿನಲ್ಲೇ. ರಸ್ತೆ ಸಪಾಟಾಗುತ್ತದೆ, ಕನ್ನಡವೂ ಬದಲಾಗುತ್ತದೆ. ಕುಂದಾಪುರದ ಕನ್ನಡ ಮೊದಲ ದಿನ ನಮಗೆ ತಿಳಿಯಲಿಲ್ಲ, ನಮ್ಮದು ಅವರಿಗೆ ತಿಳಿಯಲಿಲ್ಲ, ಊಟದ ಹೊತ್ತಿಗೆ ಇಬ್ಬರೂ ಪುಸ್ತಕದ ಕನ್ನಡಕ್ಕೆ ಬಂದು ರಾಜಿಯಾದೆವು. ಮರವಂತೆಯಲ್ಲಿ ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಅದರ ಬಗ್ಗೆ ಎಲ್ಲರೂ ಬೇಕಾದಷ್ಟು ಹೇಳಿದ್ದಾರೆ, ಹೇಳಿದಷ್ಟೂ ನಿಜ. ನಾನು ಹೇಳುವುದು ಇಷ್ಟೇ, ಅಲ್ಲಿ ವೇಗವಾಗಿ ಬರುವ ಕಾರಿನವರೂ ಸಮುದ್ರವನ್ನೇ ನೋಡುತ್ತಿರುತ್ತಾರೆ, ನಿಮ್ಮನ್ನಲ್ಲ. ಸೈಕಲ್ ಇಳಿದು ನೋಡಿ.

ಬಸರೂರಿಗೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗು ಹತ್ತಿ ಬಂದು ಲೂಟಿ ಮಾಡಿದ ಊರು ಅಂದರೆ ಎಷ್ಟು ಶ್ರೀಮಂತವಾಗಿರಬೇಕು ನೋಡಿ. ಕುದುರೆಯ ಮೇಲೆ ಓಡಾಡಿದ ಮನುಷ್ಯ ಸಮುದ್ರದ ಮೇಲೆ ಬಂದ. ಈಗ ಅಲ್ಲಿ ತೆಂಗಿನ ತೋಟ, ಹಳೇ ದೇವಸ್ಥಾನಗಳು, ನೀರು ಕಟ್ಟಿದ ಕೆರೆ, ಮಧ್ಯಾಹ್ನದ ನಿದ್ದೆ. ಬಾರಕೂರೂ ಹಾಗೇ. ಆಳುಪರ ರಾಜಧಾನಿ, ಗದ್ದೆಯ ನಡುವೆ ಕತ್ತಲೆ ಬಸದಿಯ ಕಲ್ಲಿನ ಮಾಡು. 365 ದೇವಸ್ಥಾನ ಇದ್ದವು, ದಿನಕ್ಕೊಂದು ಜಾತ್ರೆ ಅಂತ ಊರವರ ಮಾತು. ಮಳಖೇಡ ನೋಡಿದವರಿಗೆ ಈ ಊರುಗಳ ಮುಖಭಾವ ಪರಿಚಯದ್ದೇ. ಒಂದು ಕಾಲದ ರಾಜಧಾನಿ, ಈಗ ಎಮ್ಮೆ ಕಟ್ಟಿದ್ದಾರೆ.

ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ಮತ್ತೆ ನೀರು ದಾಟಿ, ಅಲ್ಲಿಂದ ಮಲ್ಪೆಯವರೆಗೆ ದಂಡೆಯ ಪಕ್ಕದ ಸಣ್ಣ ರಸ್ತೆ. ಇಡೀ ಪ್ರವಾಸದಲ್ಲಿ ಸೈಕಲ್ಲಿಗೆ ಅಂತಲೇ ಮಾಡಿದ ಹಾಗಿರುವುದು ಇದೊಂದೇ. ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಮೀನುಗಾರರ ಮನೆಗಳು, ಒಣಗಿಸಿದ ಮೀನು, ಬಲೆ ಹೆಣೆಯುವವರು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲುಗಳು ಕಡೆದಿಟ್ಟ ಕಂಬದ ಹಾಗೆ ಮೂಲೆ ಮೂಲೆಯಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ತಣ್ಣಗಾಗುವಾಗ ಕುಗ್ಗಿ ಬಿರುಕು ಬಿಟ್ಟು ಆದದ್ದು. ಎರೆ ಹೊಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದಲ್ಲ, ಅದೇ ಲೆಕ್ಕ, ಕಲ್ಲಿನಲ್ಲಿ. ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭ. ಹುಡುಗ ಮೇಲೆ ಹತ್ತಿದ, ನಾನು ಕೆಳಗೆ ಗೋಳಿಬಜೆ ತಿಂದೆ.

ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು, ಗುರುಪುರ ಹೊಳೆಯೊಳಗೆ ಶತ್ರುವಿನ ಹಡಗು ನುಗ್ಗದ ಹಾಗೆ ತಡೆಯಲಿಕ್ಕೆ. ಸಣ್ಣದು. ನಮ್ಮ ಕಲಬುರಗಿ ಕೋಟೆಯ ಒಂದು ಮೂಲೆಗೂ ಸಾಲದು ಅಂತ ಹುಡುಗ ಹೀಯಾಳಿಸಿದ. ಆದರೆ ಆರು ದಿನ ಹೊಳೆ ಹೊಳೆ ದಾಟಿ ಬಂದವನಿಗೆ ಆ ಬುರುಜಿನ ಕೆಲಸ ಏನು ಅಂತ ಚೆನ್ನಾಗಿ ಗೊತ್ತಿತ್ತು, ಹೀಯಾಳಿಸುತ್ತಲೇ ತೋಪಿನ ಕಿಂಡಿಯಿಂದ ಹೊಳೆಯ ಬಾಯಿ ಅಳೆದು ನೋಡುತ್ತಿದ್ದ. ಕೊನೆಗೆ ನೇತ್ರಾವತಿ ದಾಟಿ ಉಳ್ಳಾಲ. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಸುತ್ತು ಸೇರಿ 300 ಕಿಲೋಮೀಟರಿನ ಮೇಲಾಗಿತ್ತು. ಸೋಮೇಶ್ವರದ ಬಂಡೆ ಮೇಲೆ ಕೂತು ಉಳಿದಿದ್ದ ಹನ್ನೊಂದು ಮೆತ್ತನೆಯ ರೊಟ್ಟಿ ತಿಂದು ಮುಗಿಸಿದೆವು.

ಸೈಕಲ್ಲಿನ ಬಗ್ಗೆ ಒಂದೇ ಮಾತು. ಅಲ್ಲಿಯ ಗಾಳಿಯಲ್ಲೇ ಉಪ್ಪಿದೆ. ದಿನಾ ಸಂಜೆ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಚೈನಿಗೆ ಎರಡು ಹನಿ ಎಣ್ಣೆ. ಮರಳಿನ ಮೇಲೆ ಓಡಿಸಬೇಡಿ. ನಾನು ಮೂರು ದಿನ ಮಾಡಿ ಆಮೇಲೆ ಸೋಮಾರಿಯಾದೆ. ಊರಿಗೆ ಬಂದು ಮಿಸ್ತ್ರಿಗೆ ಕೊಟ್ಟರೆ ಕಡ್ಡಿಗಳೆಲ್ಲ ಕೆಂಪಗಾಗಿದ್ದವು. "ಏನ್ರಿ ಸರ, ಸಮುದ್ರದಾಗ ಎಮ್ಮಿ ಮೈ ತೊಳದಂಗ ತೊಳದೀರಿ?" ಅಂದ.

ಆ ಹಿಂದಿನ ಬೆಂಚಿನ ಹುಡುಗ ಈಗ ಪಿಯುಸಿ. ಮೊನ್ನೆ ಸಿಕ್ಕಿದ್ದ. ಹಡಗು ಕಲಬುರಗಿಗೆ ಬರುತ್ತಿರಲಿಲ್ಲ, ಚೌಲ್‌ನಲ್ಲಿ ನಿಲ್ಲುತ್ತಿತ್ತು, ಅಲ್ಲಿಂದ ಕುದುರೆ ಘಟ್ಟ ಹತ್ತಿ ನಡೆದು ಬರುತ್ತಿತ್ತು ಅಂತ ನಿಲ್ಲಿಸಿ ಹೇಳಿದೆ. "ಎಷ್ಟ್ ದಿನ ಹಿಡೀತಿತ್ರಿ ಸರ?" ಅಂದ! ಅದಕ್ಕೇ ಮುಂದಿನ ಚಳಿಗಾಲ ಚೌಲ್‌ನಿಂದ ಜುನ್ನಾರದ ಮೇಲೆ ಬೀದರಿಗೆ ಬರಬೇಕು ಅಂತಿದೆ. ಈ ಸಲ ಘಟ್ಟ ಇಳಿಯುವುದಲ್ಲ, ಹತ್ತುವುದು. ಅಕ್ಕನ ಮಗ ತಯಾರಿದ್ದಾನೆ, ಹೊಸ ಟಯರ್ ಹಾಕಿಸಿದ್ದೇನೆ, ಬಗ್ಗಿದ ಗೇರನ್ನೂ ಬದಲಾಯಿಸಿದ್ದೇನೆ. ನನ್ನ ಮೊಣಕಾಲು ಇನ್ನೂ ಹೂಂ ಅಂದಿಲ್ಲ. ಬರುವವರು ಹೆಸರು ಕೊಡಿ, ರೊಟ್ಟಿ ನೀವೇ ತರಬೇಕು.